ಕುಟ್ಟಾಣಿ ಸದ್ದು ನುಂಗಿದ ಗೋಡೆ

ಗಾಳಿಗಂಬ ಬಡಾವಣೆ, ಗದಗ
ಎರಡು ಸಾವಿರದ ನೂರ ಎಂಬತ್ಮೂರನೇ ಇಸವಿ, ಫೆಬ್ರವರಿ ಮೂವತ್ತು, ಮಧ್ಯಾಹ್ನ

ಮುದುಕರಿಗೆಂದು ಮನೆ ಕಟ್ಟಿಸುತ್ತಿರುವ ಹಿಂದಿನ ಕಾಲದವರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಫೆಬ್ರವರಿಗೂ ಮೂವತ್ತೇ ದಿನ. ನನ್ನ ಅಜ್ಜಿ ಹುಟ್ಟುವ ಮೊದಲೇ ಯಾರೋ ದೊಡ್ಡವರು ಸೇರಿ ಹನ್ನೆರಡು ತಿಂಗಳನ್ನೂ ಒಂದೇ ಅಳತೆಗೆ ಕತ್ತರಿಸಿದರಂತೆ. ಮಿಕ್ಕ ಐದು ದಿನ ಎಲ್ಲಿಗೆ ಹೋದವು ಎಂದು ಕೇಳಿದರೆ, ಡಿಸೆಂಬರ್ ಮುಗಿದ ಮೇಲೆ ರಜೆಯಾಗಿ ಕೊಟ್ಟಿದ್ದೇವಲ್ಲ ಎನ್ನುತ್ತಾರೆ. ನಾನು ಎಷ್ಟು ಸಲ ಎಣಿಸಿದರೂ ನಾಲ್ಕೇ ಸಿಗುತ್ತವೆ. ನಮ್ಮ ಕಾಲದ ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಆದಷ್ಟು ನನ್ನ ಅಜ್ಜಿಯ ಕನ್ನಡದಲ್ಲೇ ಬರೆಯುತ್ತೇನೆ. ಹೊಸ ಪದ ಬಂದಲ್ಲಿ ಅರ್ಥ ಹೇಳುತ್ತೇನೆ.

ಇದಕ್ಕೆ ಹಿಂದೋಲೆ ಎನ್ನುತ್ತಾರೆ, ಅಂದರೆ ಹಿಂದಿನ ಕಾಲಕ್ಕೆ ಬರೆಯುವ ಓಲೆ. ಅಂಚೆ ಕಚೇರಿಯ ಪಡಸಾಲೆಯಲ್ಲಿ ಕಲ್ಲಿನ ಪೆಟ್ಟಿಗೆಯೊಂದಿದೆ. ಕೈಯಲ್ಲಿ ಬರೆದ ಕಾಗದವನ್ನು ಮಾತ್ರ ಅದು ಒಪ್ಪಿಕೊಳ್ಳುತ್ತದೆ. ಹಾಕಿದ ಕಾಗದ ಯಾವ ಇಸವಿಗೆ, ಯಾರ ಕೈಗೆ ಹೋಗುತ್ತದೋ ಗೊತ್ತಿಲ್ಲ. ಉತ್ತರ ಬರುವ ದಾರಿಯೂ ಇಲ್ಲ. ಎಪ್ಪತ್ತು ದಾಟಿದವರು ಆಗಾಗ ಹಿಂದೋಲೆ ಬರೆದರೆ ಮನಸ್ಸು ಹಗುರಾಗುತ್ತದೆ ಎಂದು ನಾನಿರುವ ಮನೆಯೇ ಸಲಹೆ ಕೊಟ್ಟಿದೆ, ಅದಕ್ಕೇ ನನಗೆ ಅನುಮಾನ. ಆ ಪೆಟ್ಟಿಗೆಯ ತಳದಲ್ಲಿ ಒಂದು ಒಲೆ ಇದ್ದರೂ ಇದ್ದೀತು. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಇವತ್ತು ನಾಲ್ಕು ಗಂಟೆಯವರೆಗೆ ಸುಮ್ಮನೆ ಕೂರಲು ನನ್ನಿಂದಾಗದು. ಬರೆಯುತ್ತಿರುವುದು ಮನೆಯ ಒಳಗಲ್ಲ. ಗೇಟಿನಾಚೆ, ಗಾಳಿಯಿಂದ ವಿದ್ಯುತ್ ತೆಗೆಯುವ ಗಾಳಿಗಂಬದ ಬುಡದ ಕಟ್ಟೆಯ ಮೇಲೆ, ಪೆನ್ಸಿಲ್ಲಿನಲ್ಲಿ. ಒಳಗೆ ಬರೆದರೆ ಮನೆ ಓದುತ್ತದೆ. ಈ ಪತ್ರದಲ್ಲಿ ಎಲ್ಲಾದರೂ "ನಾವಿಲ್ಲಿ ಸುಖವಾಗಿದ್ದೇವೆ" ಎಂಬ ಸಾಲು ಕಂಡರೆ ಅದು ನನ್ನದಲ್ಲ ಎಂದು ತಿಳಿಯಿರಿ.

ನನ್ನ ಹೆಸರು ನೀಲಗಂಗವ್ವ ಹೂಗಾರ. ವಯಸ್ಸು ಎಪ್ಪತ್ತೊಂಬತ್ತು. ನಲವತ್ತು ವರ್ಷ ಬಿತ್ತನೆ ಬೀಜದ ಪರೀಕ್ಷಕಿಯಾಗಿದ್ದೆ. ಚೀಲದ ಮೇಲಿನ ಚೀಟಿಯನ್ನು ನಂಬದೆ ಒಳಗೆ ಕೈ ಹಾಕಿ ನೋಡುವುದೇ ನನ್ನ ಕೆಲಸ. ಆ ಚಟ ನಿವೃತ್ತಿಯ ದಿನ ಕಚೇರಿಯಲ್ಲಿ ಬಿಟ್ಟು ಬರುವಂಥದ್ದಲ್ಲ. ಪಕ್ಕದ ಕೋಣೆಯಲ್ಲಿರುವವಳು ಸಾವಂತ್ರಕ್ಕ, ನನ್ನ ಗಂಡನ ಅಣ್ಣನ ಹೆಂಡತಿ. ನಮ್ಮ ಕಡೆ ಈ ಸಂಬಂಧಕ್ಕೆ ನೆಗೆಣ್ಣಿ ಎನ್ನುತ್ತಾರೆ. ಅವಳಿಗೆ ಎಂಬತ್ಮೂರು. ಇಬ್ಬರ ಗಂಡಂದಿರೂ ತೀರಿಕೊಂಡು ಬಹಳ ಕಾಲವಾಯಿತು. ಹಳೆಯ ಓಣಿಯ ಮನೆಯಲ್ಲಿ ಐವತ್ತನಾಲ್ಕು ವರ್ಷ ಒಂದೇ ಸೂರಿನಡಿ ಬಾಳಿದೆವು, ಬಾಳಿದೆವು ಎನ್ನುವುದಕ್ಕಿಂತ ಜಗಳವಾಡಿದೆವು. ಉಪ್ಪಿಗೆ, ಬಟ್ಟೆ ಒಣಹಾಕುವ ಹಗ್ಗಕ್ಕೆ, ಸತ್ತ ಮಾವನವರು ಯಾರ ಕೈಯ ರೊಟ್ಟಿಯನ್ನು ಹೆಚ್ಚು ಇಷ್ಟಪಡುತ್ತಿದ್ದರು ಎಂಬುದಕ್ಕೆ. ಜಗಳ ಜೋರಾದರೆ ಮಾತು ಬಿಡುತ್ತಿದ್ದೆವು.

ನಮ್ಮ ಕಾಟ ತಾಳಲಾರದೆ ಅತ್ತೆ ಒಂದು ಪದ್ಧತಿ ಹಾಕಿಕೊಟ್ಟಿದ್ದರು. "ಮಾತು ಬಿಟ್ರ ಬಿಡ್ರಿ, ಎಲಿ ಅಡಕಿ ಮಾತ್ರ ಬಿಡಬ್ಯಾಡ್ರಿ" ಅಂದಿದ್ದರು. ಕುಟ್ಟಾಣಿ ನಿಮಗೆ ಗೊತ್ತಿರಬೇಕು. ಹಲ್ಲಿಲ್ಲದವರು ಎಲೆ ಅಡಿಕೆ ಜಜ್ಜಿಕೊಳ್ಳುವ ಪುಟ್ಟ ಕಬ್ಬಿಣದ ಒರಳು. ನಮ್ಮಿಬ್ಬರ ಕೋಣೆಗಳ ನಡುವಿನ ಗೋಡೆಯಲ್ಲಿ ಆರಪಾರ ಒಂದು ಗೂಡು ಇತ್ತು. ಸಂಜೆ ನಾಲ್ಕಕ್ಕೆ ಸಾವಂತ್ರಕ್ಕ ಎಲೆ ಅಡಿಕೆ ಜಜ್ಜಿ ಮುಗಿಸಿ ಕುಟ್ಟಾಣಿಗೆ ಮೂರು ಏಟು ಹಾಕುವಳು. ನಾನು ನನ್ನ ಕುಟ್ಟಾಣಿಗೆ ಎರಡು ಏಟು ಹಾಕಿ, ಕೋಲನ್ನು ಅಂಚಿನ ಸುತ್ತ ಒಮ್ಮೆ ಎಳೆಯಬೇಕು. ಹಾಗೆ ಮಾಡಿದರೆ ಸಿಟ್ಟು ಇಳಿದಿದೆ ಎಂದರ್ಥ, ಅವಳು ಜಜ್ಜಿದ ಎಲೆ ಅಡಿಕೆಯ ಮೊದಲ ಉಂಡಿಯನ್ನು ಗೂಡಿನಲ್ಲಿಡುವಳು. ಸದ್ದಿಗೆ ಸದ್ದು ಬರದಿದ್ದರೆ ಸಿಟ್ಟು ಇನ್ನೂ ಇದೆ ಎಂದರ್ಥ, ಸುಮ್ಮನಿರಬೇಕು. ಬಾಗಿಲು ದಾಟಿ ಹೋಗಿ ಕೇಳುವಂತಿಲ್ಲ. ಒಬ್ಬೊಬ್ಬರು ಒಂದೊಂದು ತಿಂಗಳು ಮೊದಲು ಕರೆಯುವ ಪಾಳಿ, ನನ್ನ ತಿಂಗಳಲ್ಲಿ ಮೂರು ಏಟು ನನ್ನದು, ಉತ್ತರ ಅವಳದು. ಆ ಮನೆಯಲ್ಲಿ ನಮ್ಮ ಅತಿ ಉದ್ದದ ಮೌನ ಒಂಬತ್ತು ದಿನ.

ಕಳೆದ ಜುಲೈ ಒಂದರಂದು ನಮ್ಮ ಓಣಿಯನ್ನು ಖಾಲಿ ಮಾಡಿಸಿ ಈ ಬಡಾವಣೆಗೆ ತಂದರು. ಇಲ್ಲಿಯ ಗೋಡೆಗಳಿಗೆ ಹದಗೋಡೆ ಎನ್ನುತ್ತಾರೆ. ಒಳಗಿರುವ ಮುದುಕರ ಉಸಿರು, ನಾಡಿ, ಮುಖದ ಬಣ್ಣ ನೋಡಿಕೊಂಡು ಗೋಡೆಯೇ ಬೆಳಕು, ಬಿಸಿ, ಸದ್ದು ಎಲ್ಲವನ್ನೂ ಹದ ಮಾಡುತ್ತದೆ. ನೆಲ ನನ್ನ ಕಾಲಿಗಿಂತ ಮೊದಲೇ ಮೆತ್ತಗಾಗುತ್ತದೆ. ಎಡವಲು ಒಂದು ಹೊಸ್ತಿಲಿಲ್ಲ. ಕನ್ನಡಕ ಎಲ್ಲಿಟ್ಟೆ ಎಂದು ನಾನು ಯೋಚಿಸುವ ಮೊದಲೇ ಅದಿರುವ ಜಾಗದಲ್ಲಿ ಬೆಳಕು ಬೀಳುತ್ತದೆ. ಊಟ ಗೋಡೆಯ ಬಾಯಿಂದ ಬರುತ್ತದೆ, ಬಿಸಿಯಾಗಿ, ಮೆತ್ತಗೆ, ಮುಳ್ಳಿಲ್ಲದೆ, ಸಿಪ್ಪೆಯಿಲ್ಲದೆ. ಮೊದಲ ವಾರ ಎಷ್ಟು ಹಾಯಾಗಿತ್ತೆಂದರೆ ಜೀವಮಾನವೆಲ್ಲ ಒಲೆಯ ಮುಂದೆ ಬೆಂದದ್ದು ಸಾರ್ಥಕ ಎನಿಸಿತು. ಕ್ರಮೇಣ ಹುಡುಕುವ ಕೆಲಸ ಇಲ್ಲದ್ದರಿಂದ ಏನನ್ನು ಎಲ್ಲಿಟ್ಟೆ ಎಂಬ ನೆನಪೇ ಬೇಡವಾಯಿತು. ಬೇಡವಾದ ನೆನಪು ತಾನಾಗಿಯೇ ಜಾಗ ಖಾಲಿ ಮಾಡಿತು. ಬೆಳಗ್ಗೆ ಎದ್ದರೆ ಸೋಮವಾರವೋ ಗುರುವಾರವೋ ತಿಳಿಯದು. ತಲೆ ಬಾಚಿಕೊಳ್ಳುವುದನ್ನು ಬಿಟ್ಟೆ. ಕಾರಣವಿಲ್ಲದೆ ಕಣ್ಣೀರು ಬರುತ್ತಿತ್ತು, ಬಂದ ಕೂಡಲೇ ಗೋಡೆ ಮಲ್ಲಿಗೆಯ ವಾಸನೆ ಬಿಡುತ್ತಿತ್ತು. ಹೂಗಾರರ ಮನೆಯವಳಿಗೆ ಸುಳ್ಳು ಮಲ್ಲಿಗೆ!

ಕಿಟಕಿಯ ಕಥೆಯನ್ನೂ ಹೇಳಬೇಕು, ಇಲ್ಲಿಯ ಜಗಳ ಹುಟ್ಟಿದ್ದೇ ಅದರಿಂದ. ಬಂದ ದಿನವೇ ಕಪ್ಪತಗುಡ್ಡ ಕಾಣುವ ಕಿಟಕಿಯ ಕೋಣೆ ತನಗೆ ಬೇಕೆಂದಳು ಸಾವಂತ್ರಕ್ಕ. ನನಗೂ ಅದೇ ಬೇಕಿತ್ತು. ವಯಸ್ಸಿನ ಬಲದಿಂದ ಅವಳು ಗೆದ್ದಳು, ನಾವು ಮಾತು ಬಿಟ್ಟೆವು. ನನ್ನ ಕೋಣೆಗೆ ಬಂದು ನೋಡಿದರೆ ಇಲ್ಲೂ ಕಿಟಕಿಯಲ್ಲಿ ಕಪ್ಪತಗುಡ್ಡವೇ ಇದೆ! ಎದುರುಬದುರು ದಿಕ್ಕಿನ ಎರಡು ಕಿಟಕಿಗಳಲ್ಲಿ ಒಂದೇ ಗುಡ್ಡ. ಎರಡು ತಿಂಗಳು ಕಾದು ನೋಡಿದೆ. ಪ್ರತಿ ಮಂಗಳವಾರ ಅದೇ ಮೋಡ, ಎಡಗಡೆಯಿಂದ ಬಂದು ಅದೇ ಬಂಡೆಯ ಮೇಲೆ ನಿಲ್ಲುತ್ತಿತ್ತು. ಕಿಟಕಿ ಎಂದರೆ ಇಲ್ಲಿ ಚಿತ್ರ.

ಆ ಮೊದಲ ದಿನ, ನಾನಿನ್ನೂ ಸಿಟ್ಟಿನಲ್ಲಿ ಕುದಿಯುತ್ತಿದ್ದಾಗ, ಮನೆ ಮೆಲುದನಿಯಲ್ಲಿ ಒಂದು ಪ್ರಶ್ನೆ ಕೇಳಿತು. ನಾನೇನೋ ಒದರಿದೆ. ಏನು ಒದರಿದೆ ಎಂಬುದನ್ನು ಮರೆತೂಬಿಟ್ಟೆ. ಅದಕ್ಕೆ ಆಮೇಲೆ ಬರುತ್ತೇನೆ.

ಜುಲೈ ಅವಳ ಪಾಳಿ. ಈ ಗೋಡೆಯಲ್ಲಿ ಗೂಡಿಲ್ಲ, ಸದ್ದಾದರೂ ದಾಟೀತೆಂದು ನಾಲ್ಕು ಗಂಟೆಗೆ ಕಿವಿಗೊಟ್ಟು ಕೂತೆ. ಸದ್ದಿಲ್ಲ. ಮರುದಿನವೂ ಇಲ್ಲ. ಕಿಟಕಿ ಗೆದ್ದ ಸೊಕ್ಕು ಎಂದುಕೊಂಡೆ. ಆಗಸ್ಟ್ ನನ್ನ ಪಾಳಿ. ಹನ್ನೊಂದು ದಿನ ಬಿಡದೆ ಮೂರು ಮೂರು ಏಟು ಹಾಕಿದೆ. ಉತ್ತರವಿಲ್ಲ. ಹನ್ನೆರಡನೆಯ ದಿನ ಕುಟ್ಟಾಣಿಯನ್ನು ಮಂಚದ ಕೆಳಗೆ ತಳ್ಳಿದೆ. ನನ್ನ ಬಾಗಿಲು ಮೂಡಣ ದಾರಿಗೆ, ಅವಳದು ಪಡುವಣ ದಾರಿಗೆ, ಹೀಗಾಗಿ ಎದುರು ಸಿಗುವ ಪ್ರಮೇಯವೂ ಇಲ್ಲ. ಅವಳ ಮಗಳು ಕಸ್ತೂರಿ ಬಂದಾಗಲೆಲ್ಲ ನನ್ನ ಕೋಣೆಗೂ ಇಣುಕುತ್ತಿದ್ದಳು. ನಾನು ಕೇಳದಿದ್ದರೂ "ಅವ್ವ ಅರಾಮ ಅದಾಳ, ಚಿಗವ್ವ" ಎನ್ನುತ್ತಿದ್ದಳು. ಅಷ್ಟು ಅವಸರದಲ್ಲಿ ಹೇಳುವ ಮಾತನ್ನು ನಾನು ನಂಬುವವಳಲ್ಲ. ತಾಯಿ ಮಗಳು ಸೇರಿ ನನ್ನನ್ನು ಇಲ್ಲಿಂದ ಸಾಗಹಾಕುವ ಹೊಂಚು ಹಾಕುತ್ತಿದ್ದಾರೆ ಎಂದು ಡಿಸೆಂಬರಿನ ಹೊತ್ತಿಗೆ ನನಗೆ ಖಾತ್ರಿಯಾಗಿತ್ತು. ಇಡೀ ದಿನ ಮಾತಾಡಲು ಗೋಡೆಯೊಂದೇ ಇದ್ದರೆ ಇಂಥ ಖಾತ್ರಿಗಳು ಬಹಳ ಬೇಗ ಬಲಿಯುತ್ತವೆ.

ಈ ತಿಂಗಳ ಇಪ್ಪತ್ತರಂದು ಕಸ್ತೂರಿ ಬಂದು ನನ್ನ ಮಂಚದ ತುದಿಗೆ ಕೂತು ಅಳತೊಡಗಿದಳು. ಸಾವಂತ್ರಕ್ಕನ ಬುದ್ಧಿ ಜಾರುತ್ತಿದೆ ಎಂದು ಮನೆ ವರದಿ ಕೊಟ್ಟಿದೆಯಂತೆ. ಪರೀಕ್ಷೆಗೆ ಬಂದವರಿಗೆ ಅವಳು ತಿಂಗಳ ಹೆಸರನ್ನೂ ಹೇಳಲಿಲ್ಲವಂತೆ. ಮಾರ್ಚ್ ಐದಕ್ಕೆ ತಿಳಿಮನೆಯ ಗಾಡಿ ಬರುತ್ತದೆ, ಒಪ್ಪಿಗೆಯ ಕಾಗದಕ್ಕೆ ಕಸ್ತೂರಿ ರುಜು ಹಾಕಬೇಕು. ತಿಳಿಮನೆ ಎಂದರೆ ಮನಸ್ಸು ಕದಡಿದವರನ್ನು ಇಡುವ ಜಾಗ. ಅಲ್ಲಿಯ ಗೋಡೆಯಲ್ಲಿ ಚಿತ್ರದ ಗುಡ್ಡವೂ ಇಲ್ಲ. ಹೋದವರು ಹಿಂತಿರುಗಿದ್ದನ್ನು ನಾನು ನೋಡಿಲ್ಲ. ಚೆನ್ನಾಗಿದ್ದೇವೆ ಎಂಬ ಪತ್ರಗಳು ಮಾತ್ರ ತಪ್ಪದೆ ಬರುತ್ತವೆ, ಎಲ್ಲರದೂ ಒಂದೇ ಕೈಬರಹ.

ನನಗೆ ಮರುಕ ಬರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ನನಗೆ ಬಂದದ್ದು ಅನುಮಾನ. ಈ ಮುದುಕಿ ನಾಟಕ ಹೂಡಿದ್ದಾಳೆ, ಹೋಗಿ ಹಿಡಿಯುತ್ತೇನೆ ಎಂದುಕೊಂಡು, ಐವತ್ತನಾಲ್ಕು ವರ್ಷದ ಪದ್ಧತಿ ಮುರಿದು, ಕಸ್ತೂರಿಯ ಹಿಂದೆಯೇ ಪಡುವಣ ಬಾಗಿಲಿಗೆ ಹೋದೆ.

ಸಾವಂತ್ರಕ್ಕ ನೆಲದ ಮೇಲೆ, ನನ್ನ ಕೋಣೆಯ ಕಡೆಯ ಗೋಡೆಗೆ ಮುಖ ಮಾಡಿ ಕೂತಿದ್ದಳು. ಮಡಿಲಲ್ಲಿ ಕುಟ್ಟಾಣಿ. ನಾನು ನೋಡುತ್ತಿದ್ದಂತೆಯೇ ಮೂರು ಏಟು ಹಾಕಿ, ಗೋಡೆಗೆ ಕಿವಿಯಾನಿಸಿ, ಸ್ವಲ್ಪ ಹೊತ್ತು ಕಾದಳು. ಆ ಕೋಣೆಯಲ್ಲಿ ಆ ಸದ್ದು ಕಿವಿಗೆ ಬಡಿಯುವಷ್ಟು ಜೋರಾಗಿತ್ತು. ಆಮೇಲೆ ಜಜ್ಜಿದ ಎಲೆ ಅಡಿಕೆಯನ್ನು ಉಂಡಿ ಮಾಡಿ ಪಕ್ಕದ ಸ್ಟೀಲ್ ಡಬ್ಬಿಯಲ್ಲಿಟ್ಟಳು. ಡಬ್ಬಿಯ ತುಂಬ ಉಂಡಿಗಳು, ತಳದಲ್ಲಿದ್ದವು ಒಣಗಿ ಹುಣಸೆ ಬೀಜದ ಹಾಗೆ ಕರ್ರಗಾಗಿದ್ದವು. ಪಾಳಿ ಅವಳದಿರಲಿ ನನ್ನದಿರಲಿ, ದಿನಕ್ಕೊಂದು, ನನ್ನ ಪಾಲಿನ ಮೊದಲ ಉಂಡಿ. ಕಸ್ತೂರಿ ಆಮೇಲೆ ಎಣಿಸಿದಳು, ಇನ್ನೂರ ಮೂವತ್ನಾಲ್ಕು. ವರ್ಷದ ಕೊನೆಯ ಐದು ದಿನ ಸೇರಿಸಿದರೆ ಒಂದು ಕಡಿಮೆ, ಒಂದು ದಿನ ಮರೆತಿರಬೇಕು ಎಂದಳು. ಅವಳು ಮರೆತಿಲ್ಲ. ಆ ದಿನಗಳು ನಾಲ್ಕೇ ಎಂದು ನಾನು ಮೊದಲೇ ಹೇಳಲಿಲ್ಲವೇ? ತಿಂಗಳ ಹೆಸರು ಹೇಳಲಿಲ್ಲವೆಂದು ಬುದ್ಧಿಗೇಡಿ ಎನಿಸಿಕೊಂಡವಳು ಸರ್ಕಾರಕ್ಕಿಂತ ಸರಿಯಾಗಿ ದಿನ ಎಣಿಸಿದ್ದಳು.

ನನ್ನನ್ನು ಕಂಡು ಅವಳು ಬೆಚ್ಚಲಿಲ್ಲ. ಮೇಲಿಂದ ಕೆಳಗಿನವರೆಗೆ ನೋಡಿ ಮಗಳಿಗೆ ಹೇಳಿದಳು: "ಚಲೋ ಮಾಡ್ಯಾರ. ನಡಿಗಿ ಸೈತ ಆಕಿದ ಐತಿ."

ನನಗೆ ತಕ್ಷಣ ತಿಳಿಯಲಿಲ್ಲ. ಕಸ್ತೂರಿ ಬಿಕ್ಕುತ್ತಾ ವಿವರಿಸಿದಳು. ಎಂಟು ತಿಂಗಳು ಕುಟ್ಟಾಣಿಗೆ ಉತ್ತರ ಬರದೆ, ನೀಲಿ, ಅಂದರೆ ನಾನು, ಗೋಡೆಯಾಚೆ ಸತ್ತಿದ್ದಾಳೆ, ಎಲ್ಲರೂ ಸೇರಿ ಮುಚ್ಚಿಡುತ್ತಿದ್ದಾರೆ ಎಂದು ಸಾವಂತ್ರಕ್ಕ ತೀರ್ಮಾನಿಸಿದ್ದಳು. ಕಸ್ತೂರಿ ಆಣೆ ಮಾಡಿದರೂ ನಂಬಿರಲಿಲ್ಲ. ಈಗ ಎದುರು ನಿಂತ ನಾನು ಮನೆ ಮಾಡಿ ಕಳಿಸಿದ ಚಿತ್ರ. ಗುಡ್ಡವನ್ನೇ ಸುಳ್ಳು ತೋರಿಸುವ ಮನೆಗೆ ಒಬ್ಬ ಮುದುಕಿಯನ್ನು ತೋರಿಸುವುದು ಯಾವ ದೊಡ್ಡ ಮಾತು? ಇದನ್ನು ಬುದ್ಧಿಭ್ರಮೆ ಎಂದು ಬರೆದವರು ಅವಳ ಜಾಗದಲ್ಲಿ ಒಂದು ವಾರ ಕೂತು ನೋಡಬೇಕು. ನಾನು ಹಳೆಯ ಜಗಳಗಳನ್ನೆಲ್ಲ ಒಂದೊಂದಾಗಿ ನೆನಪಿಸಿದೆ. "ಅದನ್ನೆಲ್ಲಾ ನಾ ಒಬ್ಬಾಕಿನ ಮಾತಾಡಿಕೊಂಡಾಗ ಗ್ವಾಡಿ ಕೇಳೇತಿ" ಎಂದಳು. ಕೈ ಹಿಡಿಯಹೋದರೆ ಕುಟ್ಟಾಣಿಯನ್ನು ಎದೆಗವಚಿಕೊಂಡು ಹಿಂದೆ ಸರಿದಳು. "ನೀಲಿ ಇದ್ದಿದ್ರ ಗ್ವಾಡಿ ಆಚೆಯಿಂದ ಓ ಅಂತಿದ್ಲು. ನೀ ಹೋಗು" ಎಂದಳು. ನಾನು ಹೊರಬಂದು ದಾರಿಯಲ್ಲೇ ಕೂತು ಅತ್ತೆ. ಗಂಡ ಸತ್ತಾಗ ಅತ್ತ ಮೇಲೆ ಹಾಗೆ ಅತ್ತದ್ದು ಅದೇ ಮೊದಲು.

ಮರುದಿನ ಶಮೀಮಬಾನು ಎಂಬ ಹದಗಾರ್ತಿಯನ್ನು ಕರೆಸಿದೆ. ಹದಗೋಡೆಗಳನ್ನು ರಿಪೇರಿ ಮಾಡುವವರನ್ನು ಹಾಗೆ ಕರೆಯುತ್ತಾರೆ. ನಲವತ್ತು ದಾಟಿದ, ಕಡಿಮೆ ಮಾತಿನ ಹೆಂಗಸು. ಮನೆಯ ಕಡೆಯವಳೇ ಇರಬೇಕೆಂದು ಮೊದಲು ಅವಳನ್ನೂ ನಂಬಲಿಲ್ಲ. ನನ್ನ ಕಿವಿ ಸರಿಯಿದೆ, ಗೋಡೆ ಸದ್ದನ್ನು ಕದಿಯುತ್ತಿದೆ, ಯಾರು ಹೇಳಿದ್ದು ಇದಕ್ಕೆ ಎಂದು ಗದರಿದೆ. ಅವಳು ಗೋಡೆಯ ನೆನಪನ್ನು ತೆಗೆದು ಓದಿ, ನನ್ನ ಮುಖ ನೋಡದೆ, "ಅಜ್ಜಿ, ಇದನ್ನ ಹೇಳಿದವರು ನೀವ" ಎಂದಳು.

ಮೊದಲ ದಿನದ ಆ ಪ್ರಶ್ನೆ ಇದು: ನಿಮ್ಮನ್ನು ಹೆಚ್ಚು ಕಾಡುವುದು ಯಾವುದು? ನಾನು ಒದರಿದ್ದು: "ಆ ಪಕ್ಕದಾಕಿ ಕುಟ್ಟಾಣಿ ಸದ್ದು. ಅದೊಂದು ನಿಂತ್ರ ಸಾಕು." ಗೋಡೆ ವಿಧೇಯವಾಗಿ ಆ ಸದ್ದನ್ನು ಕಲಿತು, ಎರಡೂ ಕಡೆಯಿಂದ ನುಂಗತೊಡಗಿತು. ನನ್ನ ರಕ್ತದೊತ್ತಡವೂ ಇಳಿಯಿತಂತೆ. ಅದಕ್ಕೆ ಅದು ಗೆದ್ದೆನೆಂದುಕೊಂಡಿತು. ಸಾವಂತ್ರಕ್ಕ ಅದೇ ಪ್ರಶ್ನೆಗೆ ಏನು ಹೇಳಿದ್ದಳು ಎಂದು ಕೇಳಿದೆ. ನೆಲ ತಣ್ಣಗಿದೆ ಎಂದಿದ್ದಳಂತೆ, ಅಷ್ಟೆ. ಎಂಟು ತಿಂಗಳು ಮನೆಯನ್ನು, ಮಗಳನ್ನು, ಅವಳನ್ನು ಅನುಮಾನಿಸಿದ ನಾನು ಅನುಮಾನಿಸದೆ ಬಿಟ್ಟವಳು ಒಬ್ಬಳೇ, ನೀಲಗಂಗವ್ವ. ಚೀಲಕ್ಕೆ ಕಲಬೆರಕೆ ಸೇರಿಸಿದ್ದು ನಾನೇ.

ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದೆ. ಒಮ್ಮೆ ಕಲಿತ ಗೋಡೆ ಮರೆಯಲು ಆರು ತಿಂಗಳು ಬೇಕೆಂದಳು ಶಮೀಮಬಾನು. ಗಾಡಿ ಐದನೇ ತಾರೀಖು ಬರುತ್ತದೆ. ಹಾಗಾದರೆ ಗೋಡೆ ಕೊರೆ ಎಂದೆ. ಒಂಬತ್ತು ದಿನ ಹಿಂದೆ ಮುಂದೆ ನೋಡಿ, ಇವತ್ತು ಬೆಳಗ್ಗೆ ಯಾರ ಅಪ್ಪಣೆಯನ್ನೂ ಕೇಳದೆ ಬಂದು, ನೆಲದಿಂದ ಒಂದು ಮೊಳ ಎತ್ತರಕ್ಕೆ, ಗೇಣಗಲದ ಆರಪಾರ ಗೂಡೊಂದನ್ನು ಕೊರೆದು ಕೊಟ್ಟಳು. ತನ್ನ ಅಜ್ಜಿಯ ಹತ್ತಿರವೂ ಕುಟ್ಟಾಣಿ ಇತ್ತು ಎಂದು ಹೋಗುವಾಗ ಹೇಳಿದಳು. ಆಚೆ ಸಾವಂತ್ರಕ್ಕ ಆ ತೂತನ್ನೇ ದಿಟ್ಟಿಸುತ್ತಿದ್ದಳಂತೆ. ನನ್ನ ಉತ್ತರದ ಸದ್ದನ್ನು ಈ ಮನೆ ಒಮ್ಮೆಯೂ ಕೇಳಿಲ್ಲ, ಇಲ್ಲಿ ನಾನು ಅದನ್ನು ಬಾರಿಸಿಯೇ ಇಲ್ಲ. ಅವಳು ನಂಬುವುದಿದ್ದರೆ ಅದೊಂದನ್ನೇ. ನಾಲ್ಕಕ್ಕೆ ಇನ್ನು ಹತ್ತು ನಿಮಿಷ. ಅವಳು ಇವತ್ತೇ ಸೋತು ಕುಟ್ಟುವುದನ್ನು ಬಿಟ್ಟಿದ್ದರೆ ಏನು ಮಾಡಲಿ? ಎದ್ದು ಒಳಗೆ ಹೋಗುತ್ತೇನೆ.

ಇಲ್ಲಿಂದ ಮುಂದಿನದನ್ನು ನನ್ನ ಕೋಣೆಯಲ್ಲೇ ಕೂತು ಬರೆಯುತ್ತಿದ್ದೇನೆ. ಮನೆ ಓದಿದರೆ ಓದಲಿ.

ನಾಲ್ಕು ಹೊಡೆದು ಸ್ವಲ್ಪ ಹೊತ್ತಿಗೆ ಮೂರು ಏಟು ಕೇಳಿಸಿತು. ಎಂಟು ತಿಂಗಳ ಮೇಲೆ. ಅವಸರದಲ್ಲಿ ಕೋಲು ಜಾರಿ ಬಿತ್ತು. ಎತ್ತಿಕೊಂಡು ಎರಡು ಏಟು ಹಾಕಿ, ಅಂಚಿನ ಸುತ್ತ ಎಳೆದೆ. ಆಚೆ ಏನೂ ಇಲ್ಲ. ಆಮೇಲೆ ಮತ್ತೆ ಮೂರು ಏಟು, ಈ ಸಲ ಬಿರುಸಾಗಿ, ಪರೀಕ್ಷೆ ಮಾಡುವವರಂತೆ. ನಾನು ಮತ್ತೆ ಎರಡು ಏಟು ಹಾಕಿ ಎಳೆದೆ. ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು. ಸುಕ್ಕುಗಟ್ಟಿದ ಕೈಯೊಂದು ಗೂಡಿನೊಳಗೆ ಬಂದು ಒಂದು ಉಂಡಿಯನ್ನಿಟ್ಟು ಹೋಯಿತು. ಮುಟ್ಟಿ ನೋಡಿದರೆ ಕಲ್ಲು. ಹೊಸದು ಯಾವುದು ಹಳೆಯದು ಯಾವುದು ಎಂಬ ಅರಿವೂ ಹೋಗಿದೆಯಲ್ಲ ಎಂದು, "ಅಕ್ಕಾ, ಇದೇನ ಇದು, ಒಣಗಿದ್ದು?" ಎಂದೆ.

"ಮೊದಲನೇ ದಿನದ್ದು. ಹಳೇವು ಮೊದಲ ಮುಗಸು, ಆಮ್ಯಾಲೆ ಹೊಸಾವು. ಇಷ್ಟು ದಿನ ಎಲ್ಲಿ ಸತ್ತಿದ್ದೀ?"

ಇಲ್ಲೇ ಇದ್ದೆ ಎಂದೆ. ಕುಟ್ಟಾಣಿ ಸದ್ದು ನುಂಗಲು ಹೇಳಿದವಳು ನಾನೇ ಎಂದೂ ಹೇಳಿದೆ. ಅದಕ್ಕೆ ಅವಳು ನನ್ನನ್ನು ಬೈದದ್ದನ್ನು ನಿಮ್ಮಂಥ ಪರಿಚಯವಿಲ್ಲದವರಿಗೆ ಬರೆಯುವಂತಿಲ್ಲ. ಕಸ್ತೂರಿ ಆಚೆ ನಗುತ್ತಾ ಅಳುತ್ತಿದ್ದಳು. ಐದನೇ ತಾರೀಖಿನ ಗಾಡಿ ಬೇಡವೆಂದು ತಿಳಿಸುತ್ತಾಳಂತೆ, ಆದರೆ ಸದ್ಯಕ್ಕೆ ಒಂದು ತಿಂಗಳ ಮಟ್ಟಿಗೆ. ಆ "ಸದ್ಯಕ್ಕೆ" ನನಗೆ ಹಿಡಿಸಲಿಲ್ಲ. ಡಬ್ಬಿಯಲ್ಲಿ ಇನ್ನೂರ ನಲವತ್ತಕ್ಕೂ ಹೆಚ್ಚು ಉಂಡಿಗಳಿವೆ, ದಿನಕ್ಕೊಂದರಂತೆ ತಿಂದು ಮುಗಿಸುವವರೆಗೆ ಯಾವ ಗಾಡಿಯೂ ಬರಕೂಡದು ಎಂದು ಹೇಳಿದ್ದೇನೆ. ದಿನಾ ಹೊಸದೊಂದು ಸೇರುತ್ತಲೇ ಇರುತ್ತದೆ ಎಂಬುದು ಕಸ್ತೂರಿಗಿನ್ನೂ ಹೊಳೆದಿಲ್ಲ.

ನೀವು ಕಟ್ಟಿಸುವ ಮನೆಯಲ್ಲಿ ನೆಲ ಮೆತ್ತಗಿರಲಿ, ಬೆಳಕು ಚೆನ್ನಾಗಿರಲಿ, ನನ್ನದೇನೂ ತಕರಾರಿಲ್ಲ. ಬಿದ್ದು ಸೊಂಟ ಮುರಿದುಕೊಳ್ಳುವುದು ಸುಖವಲ್ಲ. ಆದರೆ ಎರಡು ಕೋಣೆಯ ನಡುವೆ ಒಂದು ಗೂಡು ಬಿಡಿ. ನಿಮ್ಮನ್ನು ಕಾಡುವುದೇನೆಂದು ನಮ್ಮಂಥವರನ್ನು ಕೇಳಿದಾಗ, ಜಗಳದ ದಿನ ಕೊಟ್ಟ ಉತ್ತರವನ್ನು ನಂಬಬೇಡಿ. ನಾಲ್ಕು ದಿನ ಬಿಟ್ಟು ಮತ್ತೆ ಕೇಳಿ.

ಈ ಉಂಡಿ ಕಲ್ಲಿನಂತಿದೆ, ಮತ್ತೆ ಜಜ್ಜದೆ ಗತಿಯಿಲ್ಲ. ಅದಕ್ಕೇ ಪತ್ರ ನಿಲ್ಲಿಸುತ್ತಿದ್ದೇನೆ. ನಾನು ಕುಟ್ಟುತ್ತಿದ್ದೇನೆ, ಆಚೆ ಅವಳೂ ಕುಟ್ಟುತ್ತಿದ್ದಾಳೆ, ಇಬ್ಬರ ತಾಳವೂ ಕೂಡುತ್ತಿಲ್ಲ. ಈಗಷ್ಟೇ ಮನೆ ತನ್ನ ಮೆಲುದನಿಯಲ್ಲಿ, ಪಕ್ಕದ ಸದ್ದಿನಿಂದ ತೊಂದರೆಯಾಗುತ್ತಿದೆಯೇ, ಆ ತೂತನ್ನು ಮುಚ್ಚಲೇ ಎಂದು ಕೇಳಿತು. ಈ ಸಲ ಅವಸರ ಮಾಡದೆ, ಯೋಚಿಸಿ ಉತ್ತರ ಕೊಟ್ಟೆ.

"ತೊಂದರಿ ಆಗತೈತಿ. ಇರಲಿ ಬಿಡು."

ನೀಲಗಂಗವ್ವ ಹೂಗಾರ